ಕೋರ್ಟಿನಲ್ಲಿ ಅಮ್ಮನ ಕ್ರಾಸ್ (ಪಾಟೀಸವಾಲು) ಮುಗಿಯುತ್ತಲೇ ಇಲ್ಲ, ಪ್ರತಿ ಸಲ ವಾಯಿದೆ. ನೀವೆಲ್ಲ ಹೇಗೆ ತಡೆದುಕೊಂಡಿರಿ?

ತಮ್ಮನಕ್ಕ:
ಎಲ್ಲರಿಗೂ ನಮಸ್ಕಾರ. ಊರು, ಕೋರ್ಟು ಯಾವುದು ಅಂತ ಬರೆಯಲ್ಲ, ದಯವಿಟ್ಟು ಕೇಳಬೇಡಿ.

2019ರಲ್ಲಿ ಹೊಲದ ಬದುವಿನ ಜಗಳದಲ್ಲಿ ನನ್ನ ತಮ್ಮನನ್ನು ಹೊಡೆದು ಕೊಂದರು. ಆರೋಪಿಗಳು ನಾಲ್ವರು. ಒಬ್ಬ ತಲೆಮರೆಸಿಕೊಂಡ. ಅವನಿಗಾಗಿ ಕಾದು ಕಾದು ಕೊನೆಗೆ ಅವನ ಕೇಸನ್ನು ಸ್ಪ್ಲಿಟ್ ಮಾಡಿ ಬೇರೆ ಇಟ್ಟರು. ನಡುವೆ ಕೊರೋನಾ ಬಂತು. ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ ಬಂದಿಲ್ಲ ಅಂತ ಒಂದಷ್ಟು ಕಾಲ ಹೋಯಿತು. ಚಾರ್ಜ್ ಫ್ರೇಮ್ (ಆರೋಪ ನಿಗದಿ) ಆಗುವಷ್ಟರಲ್ಲಿ ಮಿಕ್ಕ ಮೂವರೂ ಜಾಮೀನು ಪಡೆದು ಊರಲ್ಲೇ ಓಡಾಡಿಕೊಂಡಿದ್ದರು.

ಅಮ್ಮ ಕಣ್ಣಾರೆ ಕಂಡವಳು, ಚಾರ್ಜ್‌ಶೀಟಿನ ಎರಡನೇ ಸಾಕ್ಷಿ (ಸಿಡಬ್ಲ್ಯೂ 2). ಹೋದ ವರ್ಷ ಮಳೆಗಾಲದಲ್ಲಿ ಅವಳ ಚೀಫ್, ಅಂದರೆ ಸರ್ಕಾರಿ ವಕೀಲರು ಕೇಳುವ ಮುಖ್ಯ ವಿಚಾರಣೆ, ಆಯಿತು. ಹೇಳಿಕೆಯ ಕೊನೆಗೆ 'ಪಾಟೀಸವಾಲು: ಕೋರಿಕೆಯ ಮೇರೆಗೆ ಮುಂದೂಡಲಾಗಿದೆ' ಅಂತ ಟೈಪ್ ಮಾಡಿದರು. ಆ ಸಾಲು ಇನ್ನೂ ಅಲ್ಲೇ ನಿಂತಿದೆ. ಒಂದು ಸಲ ಆರೋಪಿಗಳ ಸೀನಿಯರ್ ವಕೀಲರಿಗೆ ಹೈಕೋರ್ಟ್‌ನಲ್ಲಿ ಕೆಲಸ. ಇನ್ನೊಂದು ಸಲ ಜಡ್ಜ್ ರಜೆ. ಆಮೇಲೆ ಆ ಜಡ್ಜ್‌ಗೇ ವರ್ಗ, ಕೋರ್ಟ್ ಖಾಲಿ. ಹೊಸಬರು ಬಂದ ಮೇಲೆ ವಕೀಲರಿಂದ ಕಲಾಪ ಬಹಿಷ್ಕಾರ. ಅದಾದ ಮೇಲೆ ಒಬ್ಬ ಆರೋಪಿಗೆ ಜ್ವರ ಅಂತ ಮೆಡಿಕಲ್ ಸರ್ಟಿಫಿಕೇಟ್.

ಮೊದಲನೇ ಬಸ್ಸಿಗೆ ಹೊರಡುತ್ತೇವೆ. ಅಮ್ಮ ಹಿಂದಿನ ರಾತ್ರಿಯಿಂದಲೇ ಊಟ ಬಿಡುತ್ತಾಳೆ. ಕೋರ್ಟಿನ ಮುಂದಿನ ಟೀ ಅಂಗಡಿಗೆ ಅವರೂ ಬರುತ್ತಾರೆ, ನಾವೂ ಹೋಗಬೇಕು, ಇರೋದು ಅದೊಂದೇ. ಕಳೆದ ಸಲ ಎರಡನೇ ಆರೋಪಿ (ಎ2) ಅಮ್ಮನ ಹತ್ತಿರ ಬಂದು 'ಏನ್ ದೊಡ್ಡಮ್ಮ, ಮಂಡಿನೋವು ಹೆಂಗಿದೆ' ಅಂದ. ಅವನು ವರಸೆಯಲ್ಲಿ ಅವಳಿಗೆ ಮಗನೇ ಆಗಬೇಕು. ಮನೆಗೆ ಬಂದವಳು 'ನಾನಿನ್ನು ಬರಲ್ಲ ಕಣೇ, ದೇವರು ನೋಡ್ಕೊಳ್ಲಿ' ಅಂತ ಹೇಳಿ ಮಲಗಿಬಿಟ್ಟಳು.

ಕಾನೂನು ಗೊತ್ತಿರುವವರು ದಾರಿ ಹೇಳಿ. ಅದಕ್ಕಿಂತ ಹೆಚ್ಚಾಗಿ, ಇದನ್ನು ಹಾದು ಬಂದವರು ಎರಡು ವಾಯಿದೆಗಳ ನಡುವಿನ ದಿನಗಳನ್ನು ಹೇಗೆ ಕಳೆದಿರಿ ಅಂತ ಹೇಳಿ.

ಕರಿಕೋಟು:
ಅಕ್ಕ, ನಾನು ಸೆಷನ್ಸ್ ಕೋರ್ಟಲ್ಲಿ ಪ್ರಾಕ್ಟೀಸ್ ಮಾಡುವವನು, ಹೆಚ್ಚಾಗಿ ಆರೋಪಿಗಳ ಪರ. ಮೊದಲು ಒಂದು ಎಚ್ಚರಿಕೆ: ಅಮ್ಮನನ್ನು ಸುಮ್ಮನೆ ಮನೆಯಲ್ಲಿ ಕೂರಿಸಬೇಡಿ. ಹಾಜರಾದ ಸಾಕ್ಷಿಯ ವಿಚಾರಣೆ ಮುಗಿಯದಿದ್ದರೆ ಮುಂದಿನ ದಿನಾಂಕಕ್ಕೆ ಬೈಂಡ್ ಓವರ್ ಮಾಡಿ, ಅಂದರೆ ತಪ್ಪದೆ ಬರಬೇಕು ಅಂತ ಸಹಿ ಹಾಕಿಸಿಕೊಂಡಿರುತ್ತಾರೆ. ಆಮೇಲೆ ಮತ್ತೆ ಸಮನ್ಸ್ ಬರಲ್ಲ. ಬರದಿದ್ದರೆ ಮೊದಲು ಜಾಮೀನು ಸಹಿತ ವಾರಂಟ್, ನಂತರ ಎನ್‌ಬಿಡಬ್ಲ್ಯೂ (ಜಾಮೀನುರಹಿತ ವಾರಂಟ್). ಮಗನನ್ನು ಕಳೆದುಕೊಂಡ ತಾಯಿಯನ್ನೇ ಪೊಲೀಸರು ಕರೆದೊಯ್ಯುವ ಪರಿಸ್ಥಿತಿ ಬರಬಾರದು. ಹುಷಾರಿಲ್ಲದಿದ್ದರೆ ಸರ್ಕಾರಿ ವಕೀಲರಿಗೆ ಮೊದಲೇ ತಿಳಿಸಿ, ವೈದ್ಯರ ಚೀಟಿ ಕೊಡಿ.

2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್ ಅನ್ನುವ ಹೊಸ ಕ್ರಿಮಿನಲ್ ವಿಚಾರಣಾ ಕಾನೂನು ಬಂತು. ಆದರೆ ಆಗ ವಿಚಾರಣೆ ನಡೆಯುತ್ತಿದ್ದ ಕೇಸುಗಳು ಹಳೇ ಸಿಆರ್‌ಪಿಸಿ ಪ್ರಕಾರವೇ ಮುಂದುವರಿಯುತ್ತವೆ, ಆದ್ದರಿಂದ ನಿಮ್ಮದಕ್ಕೆ ಕಲಂ 309. ಸಾಕ್ಷಿ ವಿಚಾರಣೆ ಶುರುವಾದ ಮೇಲೆ ಹಾಜರಿರುವ ಸಾಕ್ಷಿಗಳೆಲ್ಲ ಮುಗಿಯುವ ತನಕ ದಿನದಿಂದ ದಿನಕ್ಕೆ ನಡೆಸಬೇಕು, ಮುಂದೂಡಿದರೆ ಕಾರಣ ಬರೆದಿಡಬೇಕು ಅನ್ನುತ್ತದೆ ಅದು. ವಕೀಲರು ಬೇರೆ ಕೋರ್ಟಲ್ಲಿ ಇದ್ದಾರೆ ಅನ್ನುವುದು ಕಾರಣವೇ ಅಲ್ಲ ಅಂತ ಅದರಲ್ಲೇ ಬರೆದಿದೆ. ಮುಂದೂಡಬೇಕಾಗಿ ಬಂದರೂ ಕೇಳಿದವರ ಮೇಲೆ ಖರ್ಚು ಹಾಕಬಹುದು. ಹೊಸ ಕಾನೂನಿನ ಕಲಂ 346 ಇನ್ನೂ ಬಿಗಿ: ಪಕ್ಷಗಾರರ ಕೈಮೀರಿದ ಕಾರಣ ಇದ್ದರೂ ಎರಡಕ್ಕಿಂತ ಹೆಚ್ಚು ಸಲ ಇಲ್ಲ, ಅದೂ ಎದುರಿನವರ ಆಕ್ಷೇಪಣೆ ಕೇಳಿದ ಮೇಲೆ.

ಕ್ರಾಸ್ ಮುಂದೂಡುವ ಬಗ್ಗೆಯೇ ಸುಪ್ರೀಂ ಕೋರ್ಟ್ 2018ರಲ್ಲಿ ಕೇರಳ ಸರ್ಕಾರ ವಿರುದ್ಧ ರಶೀದ್ ಪ್ರಕರಣದಲ್ಲಿ ಮಾತಾಡಿದೆ. ಸಾಕ್ಷಿಯ ಮೇಲೆ ಒತ್ತಡ, ಬೆದರಿಕೆ ಬರಬಹುದಾ, ನೆನಪು ಮಾಸಬಹುದಾ, ಇವನ್ನೆಲ್ಲ ನೋಡಿಯೇ ಮುಂದೂಡಬೇಕು. ಚಾರ್ಜ್ ಫ್ರೇಮ್ ಆದ ಕೂಡಲೇ ಯಾವ ಸಾಕ್ಷಿ ಯಾವತ್ತು ಅಂತ ಕೇಸ್ ಕ್ಯಾಲೆಂಡರ್ ಮಾಡಬೇಕು ಅಂತಲೂ ಹೇಳಿದೆ. ನಿಮ್ಮ ಕೇಸಲ್ಲಿ ಅಂಥದ್ದು ಇದೆಯಾ, ಸರ್ಕಾರಿ ವಕೀಲರನ್ನು (ಪಿಪಿ) ಕೇಳಿ.

ಉಪ್ಪುಖಾರ:
ಕಲಂ, ತೀರ್ಪು ಎಲ್ಲ ಸರಿ ಸರ್. ನಾಳೆ ಬೆಳಗ್ಗೆ ನಿಮ್ಮ ಜೂನಿಯರೇ ಎದ್ದು ನಿಂತು 'ಸೀನಿಯರ್ ಬರ್ತಾ ಇದ್ದಾರೆ ಸ್ವಾಮಿ, ಒಂದು ಶಾರ್ಟ್ ಡೇಟ್ ಕೊಡಿ' ಅನ್ನಲ್ವಾ?

ಕರಿಕೋಟು:
ಅಂತಾನೆ. ಇಲ್ಲ ಅಂತ ಹೇಳಲ್ಲ. ಎದುರಿನವರು ಆಕ್ಷೇಪಣೆ ಎತ್ತದಿದ್ದರೆ ಡೇಟ್ ಸಿಗುತ್ತದೆ ಅಂತ ಗೊತ್ತಿರುವುದರಿಂದಲೇ ಅಂತಾನೆ. ಅದಕ್ಕೇ ಹೇಳುತ್ತಿದ್ದೇನೆ, ಆಕ್ಷೇಪಣೆ ಎತ್ತಲು ನಿಮ್ಮ ಕಡೆಯಿಂದ ಒಬ್ಬರು ಇರಬೇಕು. ಕಲಂ 24(8)ರ ಪ್ರಕಾರ ಕೋರ್ಟಿನ ಅನುಮತಿ ಪಡೆದು ಸಂತ್ರಸ್ತರು ತಮ್ಮದೇ ವಕೀಲರನ್ನು ಪಿಪಿಗೆ ನೆರವಾಗಲು ಇಟ್ಟುಕೊಳ್ಳಬಹುದು. ಸತ್ತವರ ವಾರಸುದಾರರೂ ಸಂತ್ರಸ್ತರೇ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಆದಾಯದ ಮಿತಿಯೇ ಇಲ್ಲ, ಉಚಿತ. ಸಹಾಯವಾಣಿ 15100.

ಜೋಳದಹೊಲ:
ಅಕ್ಕಾರ, ನಮ್ಮದು ವಿಜಯಪುರ ಕಡೆ. ನಮ್ಮ ಕಾಕಾನ ಕೇಸು ಭಾಳ ವರ್ಷ ನಡೀತ್ರಿ. ಕಾನೂನು ನನಗ ಗೊತ್ತಿಲ್ಲ, ನಾವು ಹೆಂಗ ತಡಕೊಂಡ್ವಿ ಅಷ್ಟ ಹೇಳ್ತೀನಿ.

ಎಲ್ಲಾ ಡೇಟಿಗೂ ಮನಿ ಮಂದಿ ಎಲ್ಲಾ ಹೋಗೂದು ಬ್ಯಾಡ್ರಿ. ಫೋನಿನ್ಯಾಗ ಇ-ಕೋರ್ಟ್ಸ್ ಆ್ಯಪ್ ಹಾಕೊಂಡು ನಿಮ್ಮ ಕೇಸಿನ ಸಿಎನ್‌ಆರ್ ನಂಬರ್ ಹೊಡೀರಿ, ಮುಂದಿನ ದಿನಾಂಕ ಯಾವುದು, ಯಾತಕ್ಕ ಇಟ್ಟಾರ ಅಂತ ಬರತೈತಿ. 'ಎವಿಡೆನ್ಸ್' ಅಂತ ಇದ್ದು ನಿಮ್ಮವ್ವನ ಹೆಸರು ಇದ್ರ ಹೋಗಬೇಕು. ವಾರಂಟ್ ಸಲುವಾಗಿ, ಬ್ಯಾರೆ ಸಾಕ್ಷಿಗೆ ಸಮನ್ಸ್ ಸಲುವಾಗಿ ಇಟ್ಟಿದ್ರ ಅವ್ವನ್ನ ಯಾಕ ಎಳಕೊಂಡು ಹೋಗ್ತೀರಿ? ಒಬ್ಬರು ಹೋದ್ರ ಸಾಕು, ಇಲ್ಲಂದ್ರ ಸಂಜೀಕ ಆ್ಯಪ್ ನೋಡ್ರಿ.

ಇನ್ನೊಂದು, ನಿಮ್ಮ ಸ್ಟೇಷನ್ನಿನ ಕೋರ್ಟ್ ಪಿಸಿ (ಕೋರ್ಟಿನ ಕೆಲಸಾ ನೋಡೂ ಪೊಲೀಸ್) ನಂಬರ್ ಇಟ್ಕೋರಿ. ಜಡ್ಜ್ ಸಾಹೇಬ್ರು ರಜಾ ಅದಾರೋ ಇಲ್ಲೋ, ಬಹಿಷ್ಕಾರ ಐತೋ ಇಲ್ಲೋ ಅಂವಗ ಹಿಂದಿನ ದಿನಾನ ಗೊತ್ತಿರತೈತಿ. ನಮ್ಮಾಂವ ಭಾಳ ಒಳ್ಳೇಂವ ಇದ್ದ, 'ನಾಳಿಗೆ ಬರಬ್ಯಾಡ್ರಿ ಗೌಡ್ರ, ಸಾಹೇಬ್ರು ಬ್ಯಾರೆ ಡ್ಯೂಟಿ (ಓಓಡಿ) ಮ್ಯಾಲ ಹೊಂಟಾರ' ಅಂತ ಫೋನ್ ಮಾಡ್ತಿದ್ದ. ಖರೇ ಅಂದ್ರ, ಎಷ್ಟೋ ಮಂದಿ ಮೇಲಧಿಕಾರಿಗಳಿಗಿಂತ ಆ ಒಬ್ಬ ಪಿಸಿ ನಮಗ ಆಸರ ಆದ. ಆದ್ರ ಅವ್ವ ಬೈಂಡ್ ಓವರ್ ಆಗಿದ್ರ ಬರೀ ಫೋನಿನ ಮಾತು ನಂಬಿ ತಪ್ಪಿಸಬ್ಯಾಡ್ರಿ, ಪಿಪಿ ಕಚೇರಿಗೂ ಕೇಳ್ರಿ.

ನಡುವಿನ ದಿನದ ಬಗ್ಗೆ ಕೇಳೀರಿ. ನಮ್ಮ ಅತ್ತಿ ಒಂದು ಕಟ್ಟಾಜ್ಞೆ ಮಾಡಿದ್ಲು: ಡೇಟಿನ ಹಿಂದಿನ ದಿನ, ಆ ದಿನ, ಎರಡ ದಿನ ಅಷ್ಟ ಮನ್ಯಾಗ ಕೇಸಿನ ಮಾತು. ಉಳಿದ ದಿನ ಯಾರರ ಬಾಯಿ ತೆಗೆದ್ರ ಎದ್ದು ಹೋಗ್ತಿದ್ಲು. ಮದುವಿ, ಸೀಮಂತ ಯಾವುದೂ 'ಕೇಸು ಮುಗಿದ ಮ್ಯಾಲ' ಅಂತ ಮುಂದ ಹಾಕಲಿಲ್ಲ. ಕೇಸು ಮುಗಿಯೂ ತನಕ ಕಾಯ್ತೀವಿ ಅಂದಿದ್ರ ನಮ್ಮ ತಂಗಿ ಇವತ್ತಿಗೂ ಮನ್ಯಾಗ ಕೂತಿರತಿದ್ಲು.

ಉಪ್ಪುಖಾರ:
ನೇರವಾಗಿ ಹೇಳ್ತೀನಿ, ಬೇಜಾರಾಗಬೇಡಿ. ಇಷ್ಟು ವರ್ಷ ಆಯ್ತು, ಹೋದ ಜೀವ ವಾಪಸ್ ಬರಲ್ಲ. ಊರ ಹಿರಿಯರನ್ನು ಕೂರಿಸಿ, ಅಮ್ಮನ ಕೊನೆಗಾಲಕ್ಕೆ ಆಗೋ ಹಾಗೆ ಏನಾದರೂ ಪಡೆದು ರಾಜಿ ಆಗೋದು ವಾಸಿ. ಕೋರ್ಟು ಅಂದ್ರೆ ಗೆದ್ದವನು ಸೋತ, ಸೋತವನು ಸತ್ತ.

ತಮ್ಮನಕ್ಕ:
ಅಣ್ಣ, ಇದನ್ನು ಊರಲ್ಲಿ ಬಹಳ ಜನ ಹೇಳಿ ಆಗಿದೆ. ಬದುವಿನ ಜಾಗವನ್ನೂ ಕೊಡ್ತೀವಿ ಅಂದರು. ಅಮ್ಮ ಒಪ್ಪಿದ್ದರೆ ನಾನು ಇಲ್ಲಿ ಬರೆಯುತ್ತಲೇ ಇರಲಿಲ್ಲ. 'ನನ್ನ ಕಣ್ಣು ಕಂಡಿದ್ದನ್ನ ಕಂಡಿಲ್ಲ ಅನ್ನಲಾ?' ಅಂತಾಳೆ. ಕೋರ್ಟಿಗೆ ಬರಲ್ಲ ಅನ್ನುವುದೂ ಅವಳೇ, ಇದನ್ನು ಹೇಳುವುದೂ ಅವಳೇ.

ಕರಿಕೋಟು:
ಕೊಲೆ ಕೇಸು ಕಾನೂನಿನಲ್ಲಿ ರಾಜಿಯಾಗುವಂಥದ್ದಲ್ಲ. ಊರಲ್ಲಿ ರಾಜಿ ಅಂದರೆ ಸಾಕ್ಷಿ ಕಟಕಟೆಯಲ್ಲಿ ನಿಂತು ಹಾಸ್ಟೈಲ್ ಆಗುವುದು, ಅಂದರೆ ತಿರುಗಿಬೀಳುವುದು ಅಂತಲೇ ಅರ್ಥ. ಪ್ರಮಾಣ ಮಾಡಿ ಚೀಫ್‌ನಲ್ಲಿ ಒಂದು ಹೇಳಿ ಕ್ರಾಸ್‌ನಲ್ಲಿ ಇನ್ನೊಂದು ಹೇಳಿದರೆ ಸುಳ್ಳು ಸಾಕ್ಷ್ಯದ ತೊಂದರೆ ತಾಯಿಯ ಮೇಲೇ ಬರಬಹುದು. ವಿನೋದ್ ಕುಮಾರ್ ವಿರುದ್ಧ ಪಂಜಾಬ್ ಸರ್ಕಾರ ಅಂತ 2015ರ ತೀರ್ಪು ಇದೆ, ಲಂಚದ ಕೇಸು. ಚೀಫ್‌ಗೂ ಕ್ರಾಸ್‌ಗೂ ನಡುವೆ ಇಪ್ಪತ್ತು ತಿಂಗಳು ಬಿಟ್ಟಿದ್ದರು, ಅಷ್ಟರಲ್ಲಿ ಸಾಕ್ಷಿ ತಿರುಗಿಬಿದ್ದಿದ್ದ. ಆ ರೀತಿ ಮುಂದೂಡಿದ್ದನ್ನು ಸುಪ್ರೀಂ ಕೋರ್ಟ್ ಕಟುವಾಗಿ ಟೀಕಿಸಿತು. ಒಂದೊಂದು ವಾಯಿದೆಯೂ ಊರ ಹಿರಿಯರಿಗೆ ಒಂದೊಂದು ಅವಕಾಶ ಅಂತ ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತು.

ಹಳೇಶಿರಸ್ತೇದಾರ:
ನಾನು ನ್ಯಾಯಾಂಗ ಇಲಾಖೆಯಲ್ಲಿ ಸರ್ವಿಸ್ ಮುಗಿಸಿದವನು. ಬೆಂಚ್ ಕ್ಲರ್ಕ್ ಕುರ್ಚಿಯಿಂದ ಕಂಡಿದ್ದನ್ನು ಹೇಳುತ್ತೇನೆ ತಂಗಿ.

ಬೆಳಗ್ಗೆ 11ಕ್ಕೆ ಪಟ್ಟಿ ಕೂಗಲು ಶುರು. ಎಪ್ಪತ್ತು ಎಂಬತ್ತು ಕಡತಗಳು ಮೇಜಿನ ಮೇಲೆ. ಜಾಮೀನು ಅರ್ಜಿ, ಗೈರುಹಾಜರಿ ಮಾಫಿ ಅರ್ಜಿ, ವಾರಂಟ್ ರೀಕಾಲ್, ಇವು ಮುಗಿಯುವಷ್ಟರಲ್ಲಿ ಮಧ್ಯಾಹ್ನ ಒಂದು ಗಂಟೆ. ಸಾಕ್ಷಿ ಬಂದಿದ್ದಾರೆ ಅಂತ ಸಾಹೇಬರಿಗೆ ಗೊತ್ತಾಗುವುದು ಯಾರಾದರೂ ಹೇಳಿದಾಗಲೇ. ಎಷ್ಟೋ ಸಾಕ್ಷಿಗಳು ಹೊರಗಿನ ಬೆಂಚಿನಲ್ಲಿ ಸಂಜೆ ತನಕ ಕೂತು, ತಮ್ಮ ಕೇಸು ಬೆಳಗ್ಗೆಯೇ ಮುಂದಕ್ಕೆ ಹೋಗಿದೆ ಅಂತ ಗೊತ್ತಾಗದೆ ವಾಪಸ್ ಹೋಗಿದ್ದನ್ನು ನೋಡಿದ್ದೇನೆ. ಆದ್ದರಿಂದ ಹತ್ತೂವರೆಗೇ ಹೋಗಿ ಪಿಪಿ ಅವರ ಮುಂದೆ ನಿಲ್ಲಿಸಿ, ಬೆಂಚ್ ಕ್ಲರ್ಕ್‌ಗೆ 'ಇಂಥ ಕೇಸಿನ ಸಿಡಬ್ಲ್ಯೂ 2 ಹಾಜರಿದ್ದಾರೆ' ಅಂತ ಹೇಳಿಸಿ. ಮೊದಲನೇ ಸಲ ಕೂಗಿದಾಗ ಆರೋಪಿ ವಕೀಲರಿಲ್ಲದಿದ್ದರೆ ಕಡತವನ್ನು ಪಾಸ್ ಓವರ್ ಮಾಡಲು, ಮಧ್ಯಾಹ್ನ ಮತ್ತೆ ಕೂಗಲು ಪಿಪಿ ಕೇಳಬೇಕು. ಅಲ್ಲಿ ಬಿಟ್ಟುಕೊಟ್ಟರೆ ಡೇಟ್ ಬಿತ್ತು ಅಂತಲೇ.

ಎಲ್ಲಕ್ಕಿಂತ ಮುಖ್ಯ, ಆರ್ಡರ್ ಶೀಟ್, ಅಂದರೆ ಆಯಾ ದಿನ ಕೇಸಿನಲ್ಲಿ ನಡೆದದ್ದನ್ನು ಕೋರ್ಟ್ ಬರೆದಿಡುವ ಹಾಳೆ. ಸಾಕ್ಷಿ ಹಾಜರಿದ್ದರು, ಆರೋಪಿ ಪರ ವಕೀಲರು ಕಾಲಾವಕಾಶ ಕೇಳಿದರು, ಪ್ರಾಸಿಕ್ಯೂಷನ್ ಆಕ್ಷೇಪಿಸಿತು: ಈ ಮೂರೂ ಅದರಲ್ಲಿ ಬರಬೇಕು. ಬಾಯಲ್ಲಿ ಹೇಳಿದರೆ ಬರುವುದಿಲ್ಲ, ಒಂದು ಪುಟದ ಮೆಮೋ ಕೊಟ್ಟರೆ ಬರುತ್ತದೆ. ಸಾಹೇಬರು ಬದಲಾದಾಗ ಹೊಸಬರು ಮೊದಲು ನೋಡುವುದು ಅದನ್ನೇ. 'ಸಾಕ್ಷಿ ಹಾಜರ್, ಸಮಯ ಕೋರಿಕೆ' ಅಂತ ಮೇಲಿಂದ ಮೇಲೆ ಕಂಡರೆ ಪೆನ್ನು ತಾನಾಗಿ ನಿಲ್ಲುತ್ತದೆ. ಅದಿಲ್ಲದ ಕಡತ ಅವರಿಗೆ ಇನ್ನೊಂದು ಕಡತ ಅಷ್ಟೇ. ಅಂದ ಹಾಗೆ ಜಡ್ಜ್ ಬದಲಾದರೆ ಅಮ್ಮನ ಚೀಫ್ ಮತ್ತೆ ಮಾಡಬೇಕಾಗಿಲ್ಲ, ಹಿಂದಿನವರು ಬರೆದುಕೊಂಡ ಸಾಕ್ಷ್ಯದ ಮೇಲೆಯೇ ಮುಂದುವರಿಯಬಹುದು.

ಬಸ್ ಚಾರ್ಜು, ಭತ್ಯೆ ಕೇಳಿ ಪಡೆಯಿರಿ. ಸಾಕ್ಷಿಗಳ ಖರ್ಚನ್ನು ಸರ್ಕಾರದಿಂದ ಕೊಡಿಸಲು ಕಲಂ 312 ಇದೆ. ಮೊತ್ತ ಜುಜುಬಿ, ನಾಚಿಕೊಂಡು ಬಿಟ್ಟು ಹೋಗುವವರೇ ಹೆಚ್ಚು. ನಿಮಗೆ ಕೆಲಸದ ಕಡೆ ರಜೆಗೆ ತೊಂದರೆಯಾದರೆ ಹಾಜರಾತಿ ಚೀಟಿಯನ್ನೂ ಕೇಳಿ.

ಎದುರುಬೆಂಚು:
ಇಲ್ಲಿ ಬರೆಯಬಹುದೋ ಇಲ್ಲವೋ ಗೊತ್ತಿಲ್ಲ. ನಾನು ಇನ್ನೊಂದು ಕಡೆಯವನು, ಬೇರೆ ಕೇಸಿನಲ್ಲಿ ಎ3. ಘಟನೆ ನಡೆದಾಗ ನಾನು ಆ ಊರಲ್ಲೇ ಇರಲಿಲ್ಲ. ಮೇಡಂ, ನಿಮ್ಮ ನೋವು ದೊಡ್ಡದು, ಹೋಲಿಸುತ್ತಿಲ್ಲ. ಆದರೆ ಡೇಟ್ ತೆಗೆದುಕೊಳ್ಳುವುದು ಯಾವಾಗಲೂ ಆರೋಪಿಗೆ ಲಾಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನ ಕೇಸಿನಲ್ಲಿ ವರ್ಷಗಟ್ಟಲೆ ಬರದಿರುವುದು ತನಿಖಾಧಿಕಾರಿ. ಅವರಿಗೆ ವರ್ಗ, ಬಂದೋಬಸ್ತ್, ಚುನಾವಣೆ. ಪಂಚರಲ್ಲಿ (ಮಹಜರಿನ ಸಾಕ್ಷಿಗಳು) ಒಬ್ಬರು ತೀರಿಕೊಂಡರು. ಪಾಸ್‌ಪೋರ್ಟಿಗೂ ಕೋರ್ಟಿನ ಅನುಮತಿ ಬೇಕು. ಹೆಣ್ಣು ಕೇಳಲು ಹೋದ ಮನೆಯಲ್ಲಿ ಕಾಫಿ ಕೊಟ್ಟು ಕಳಿಸುತ್ತಾರೆ. ನಾನಾದರೂ ಹೊರಗಿದ್ದೇನೆ, ನನ್ನ ಜೊತೆಗಿನವನೊಬ್ಬ ಜಾಮೀನಿಗೆ ಶ್ಯೂರಿಟಿ ಸಿಗದೆ ಒಳಗೇ ಇದ್ದಾನೆ.

ಕರಿಕೋಟು:
ಬರೆಯಬಹುದು ಸ್ವಾಮಿ. ಬೇಗ ವಿಚಾರಣೆ ಆಗಬೇಕು ಅನ್ನುವ ಹಕ್ಕು ಮೊದಲು ಬಂದಿದ್ದೇ ಒಳಗಿದ್ದವರ ಕೇಸಿನಲ್ಲಿ: 1979ರ ಹುಸೇನಾರಾ ಖಾತೂನ್, ಬಿಹಾರದ ಜೈಲುಗಳು. ಸಂವಿಧಾನದ 21ನೇ ವಿಧಿಯಲ್ಲೇ ಅದಿದೆ ಅಂದರು. ಹಾಗಂತ ಇಷ್ಟು ವರ್ಷ ದಾಟಿದರೆ ಕೇಸು ತಾನಾಗಿ ಬಿದ್ದುಹೋಗುತ್ತದೆ ಅಂತಲ್ಲ. 2002ರಲ್ಲಿ ನಮ್ಮ ಮಂಗಳೂರಿನ ಕಡೆಯದೇ ಒಂದು ಕೇಸು, ಪಿ. ರಾಮಚಂದ್ರ ರಾವ್ ವಿರುದ್ಧ ಕರ್ನಾಟಕ ಸರ್ಕಾರ, ಏಳು ನ್ಯಾಯಮೂರ್ತಿಗಳ ಪೀಠಕ್ಕೆ ಹೋಗಿ, ಎಲ್ಲ ಕೇಸಿಗೂ ಒಂದೇ ಗಡುವು ಹಾಕಲಾಗದು ಅಂತ ತೀರ್ಮಾನವಾಯಿತು. ನಿಮ್ಮ ಸ್ನೇಹಿತನ ವಿಷಯಕ್ಕೆ: ಆಪಾದಿಸಿದ ಅಪರಾಧದ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ವಿಚಾರಣಾಧೀನನಾಗಿ ಕಳೆದಿದ್ದರೆ ಬಿಡುಗಡೆ ಕೇಳಬಹುದು. ಬಿಎನ್‌ಎಸ್‌ಎಸ್ 479ರಲ್ಲಿ ಮೊದಲ ಸಲದ ಆರೋಪಿಗೆ ಅದು ಮೂರನೇ ಒಂದು ಭಾಗ. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ ಇದು ಅನ್ವಯಿಸದು. ಜಾಮೀನು ಆಗಿಯೂ ಶ್ಯೂರಿಟಿ ಸಿಗದವರಿಗೆ ಜೈಲಿನ ಕಾನೂನು ನೆರವು ವಕೀಲರು ಷರತ್ತು ಸಡಿಲಿಸಲು ಅರ್ಜಿ ಹಾಕಿಕೊಡುತ್ತಾರೆ.

ತಮ್ಮನಕ್ಕ:
ಎದುರುಬೆಂಚು ಅವರಿಗೆ: ನಿಮ್ಮ ಮಾತು ಓದಿ ಮೊದಲು ಸಿಟ್ಟು ಬಂತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಓದಿದೆ. ಬರೆದಿದ್ದಕ್ಕೆ ಥ್ಯಾಂಕ್ಸ್. ನಮ್ಮ ಕೇಸಿನವರ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ.

ಕಡಲತೀರ:
ನಾನು ಆಪ್ತ ಸಮಾಲೋಚಕಿ. ಅಮ್ಮನ ಊಟ ನಿದ್ದೆಯ ಬಗ್ಗೆ ಹೇಳಿದ್ದೀರಲ್ಲ, ಅದರ ಬಗ್ಗೆ ಮಾತ್ರ ಬರೆಯುತ್ತೇನೆ. ಪ್ರತಿ ವಾಯಿದೆಗೂ ಅವರು ಆ ದಿನವನ್ನು ಮತ್ತೆ ಮನಸ್ಸಿನಲ್ಲಿ ಕಟ್ಟಿಕೊಂಡು, ಹೇಳಲು ಸಿದ್ಧರಾಗಿ ಬರುತ್ತಾರೆ. ಹೇಳದೆ ವಾಪಸ್ ಹೋಗುತ್ತಾರೆ. ಹಾಗೆ ಒಳಗೇ ಉಳಿದದ್ದು ಮೈಯಲ್ಲಿ ನೋವಾಗಿ ಕಾಣಿಸಿಕೊಳ್ಳುತ್ತದೆ. 'ಧೈರ್ಯವಾಗಿರಿ' ಅಂತ ಹೇಳುವುದರಿಂದ ಏನೂ ಆಗುವುದಿಲ್ಲ. ಸಣ್ಣ ಸಣ್ಣ ವ್ಯವಸ್ಥೆಗಳಿಂದ ಆಗುತ್ತದೆ.

ದಾರಿಯಲ್ಲಿ 'ಏನು ಹೇಳ್ತೀಯ, ಹೇಗೆ ಹೇಳ್ತೀಯ' ಅಂತ ಪರೀಕ್ಷೆ ಮಾಡಬೇಡಿ. ಬಾಯಿಪಾಠ ಮಾಡಿದ್ದು ಕ್ರಾಸ್‌ನಲ್ಲಿ ಒಡೆಯುತ್ತದೆ, ವಕೀಲರನ್ನು ಕೇಳಿ ನೋಡಿ. ಬದಲಿಗೆ ಕೋರ್ಟ್ ಹಾಲ್ ಖಾಲಿ ಇರುವಾಗ ಒಮ್ಮೆ ಒಳಗೆ ಕರೆದೊಯ್ದು ಕಟಕಟೆ ಎಲ್ಲಿದೆ, ಯಾರು ಎಲ್ಲಿ ಕೂರುತ್ತಾರೆ ಅಂತ ತೋರಿಸಿ. 'ನೆನಪಿಲ್ಲ', 'ಪ್ರಶ್ನೆ ಅರ್ಥವಾಗಲಿಲ್ಲ' ಅಂತ ಹೇಳುವುದು ತಪ್ಪಲ್ಲ ಅಂತ ತಿಳಿಸಿ. ನಿಂತುಕೊಳ್ಳಲು ಕಷ್ಟವಾದರೆ ಕುರ್ಚಿ ಕೇಳಬಹುದು. ಟೀ ಅಂಗಡಿ ಸಮಸ್ಯೆಗೆ ಮನೆಯಿಂದಲೇ ಫ್ಲಾಸ್ಕ್ ಒಯ್ಯಿರಿ, ಪಿಪಿ ಕಚೇರಿಯಲ್ಲಿ ಕೂರಲು ಜಾಗ ಕೇಳಿ.

'ಮಂಡಿನೋವು ಹೆಂಗಿದೆ' ಅನ್ನುವುದು ಮೇಲ್ನೋಟಕ್ಕೆ ಏನೂ ಅಲ್ಲ. ಅಮ್ಮನಿಗೆ ಅದು ಬೆದರಿಕೆಯಾಗಿ ಕೇಳಿಸಿದ್ದರೆ ದಿನಾಂಕ, ಯಾರು ಪಕ್ಕದಲ್ಲಿದ್ದರು ಅಂತ ಬರೆದಿಟ್ಟು ಪಿಪಿಗೆ ಕೊಡಿ. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿದ ಸಾಕ್ಷಿ ಸಂರಕ್ಷಣಾ ಯೋಜನೆ ಇದೆ. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಕೊಡಬಹುದು. ರಾತ್ರಿ ನಿದ್ದೆಯೇ ಬಾರದಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮಗೂ ಸೇರಿಸಿ ಹೇಳುತ್ತಿದ್ದೇನೆ. ಪತ್ರದ ತುಂಬ ಅಮ್ಮನೇ ಇದ್ದಾರೆ, ತಮ್ಮನನ್ನು ಕಳೆದುಕೊಂಡವರು ನೀವೂ ಹೌದು.

ಮರಳುನಾಡು:
ಕುವೈತ್‌ನಿಂದ. ನಾನು ಊರಿನ ಒಂದು ಕೇಸಿನಲ್ಲಿ ಸಾಕ್ಷಿ. ಟಿಕೆಟ್ ಹಾಕಿಕೊಂಡು ಬಂದೆ, ಆ ದಿನ ಕೋರ್ಟ್ ನಡೆಯಲಿಲ್ಲ. ಆಮೇಲೆ ವಿಡಿಯೋ ಕಾನ್ಫರೆನ್ಸ್‌ಗೆ ಅರ್ಜಿ ಹಾಕಿಸಿದೆ. ಕರ್ನಾಟಕ ಹೈಕೋರ್ಟ್ 2020ರಲ್ಲೇ ಅದಕ್ಕೆ ನಿಯಮ ಮಾಡಿದೆ. ವಿದೇಶದಿಂದಾದರೆ ರಾಯಭಾರ ಕಚೇರಿಯಂಥ ಕಡೆ ಕೂತು ಹೇಳಬೇಕು, ಓಡಾಟ ಇದೆ, ಆದರೂ ವಿಮಾನಕ್ಕಿಂತ ವಾಸಿ. ತಮ್ಮನಕ್ಕ ಅವರ ತಾಯಿಗೆ ತಾಲ್ಲೂಕು ಕೋರ್ಟಿನಿಂದಲೇ ಹೇಳಿಸಬಹುದಲ್ಲವೇ?

ಕರಿಕೋಟು:
ಕೇಳಬಹುದು. ಆದರೆ ಕಣ್ಣಾರೆ ಕಂಡ ತಾಯಿ ಜಡ್ಜ್ ಎದುರು ನಿಂತು ಹೇಳುವುದಕ್ಕೂ ಪರದೆಯಲ್ಲಿ ಹೇಳುವುದಕ್ಕೂ ವ್ಯತ್ಯಾಸ ಇದೆ. ನಾನು ನಿಮ್ಮ ಪರ ವಕೀಲನಾಗಿದ್ದರೆ ಒಂದೇ ಒಂದು ಸಲ ಖುದ್ದಾಗಿ ಕರೆತರುತ್ತಿದ್ದೆ, ಅದೇ ದಿನ ಮುಗಿಸಲು ಹಠ ಹಿಡಿಯುತ್ತಿದ್ದೆ.

ತಮ್ಮನಕ್ಕ:
ಸ್ವಲ್ಪ ದಿನ ಈ ಕಡೆ ಬರಲಾಗಲಿಲ್ಲ. ನಡೆದಿದ್ದನ್ನು ಹೇಳುತ್ತೇನೆ.

ಕಾನೂನು ಸೇವಾ ಪ್ರಾಧಿಕಾರದಿಂದ ಒಬ್ಬ ಲೇಡಿ ವಕೀಲರು ಸಿಕ್ಕಿದರು. ಚಿಕ್ಕ ವಯಸ್ಸು, ಆದರೆ ಕೆಲಸದಲ್ಲಿ ಚುರುಕು. ಮೊದಲು ಆರ್ಡರ್ ಶೀಟಿನ ನಕಲು ತೆಗೆಸಿದರು. ಅಮ್ಮ ಬಂದು ಕೂತು ಹೋದ ದಿನಗಳಲ್ಲಿ ಹೆಚ್ಚಿನವಕ್ಕೆ ಬರೀ 'ಸಮಯ ನೀಡಲಾಗಿದೆ' ಅಂತ ಇತ್ತು, ಅಮ್ಮ ಬಂದಿದ್ದೇ ಅದರಲ್ಲಿಲ್ಲ. ಶಿರಸ್ತೇದಾರ್ ಸರ್ ಹೇಳಿದ ಹಾಗೆ ಪಿಪಿಯವರ ಮೂಲಕ ಮೆಮೋ ಹೋಯಿತು. ರಶೀದ್ ತೀರ್ಪನ್ನೂ ಲಗತ್ತಿಸಿದರು.

ಡೇಟಿನ ದಿನ ಮತ್ತೆ ಜೂನಿಯರ್ ಎದ್ದು ನಿಂತ. ಜಡ್ಜ್ ಸಾಹೇಬರು ಮೆಮೋ ಓದಿ, ಗಡಿಯಾರ ನೋಡಿ, 'ಮೂರು ಗಂಟೆಗೆ ಸೀನಿಯರ್ ಬರದಿದ್ದರೆ ನೀವೇ ಶುರು ಮಾಡಿ, ಇಲ್ಲದಿದ್ದರೆ ಕ್ರಾಸ್ ಇಲ್ಲ (ನಿಲ್) ಅಂತ ಬರೆಸುತ್ತೇನೆ' ಅಂದರು. ಮೂರಕ್ಕೆ ಮುಂಚೆಯೇ ಸೀನಿಯರ್ ಹಾಜರ್! ಐದೂವರೆ ತನಕ ಕೇಳಿದರು. ಬೆಳಕು ಎಷ್ಟಿತ್ತು, ನೀವು ಬೇವಿನ ಮರದ ಈಚೆ ಇದ್ದಿರೋ ಆಚೆ ಇದ್ದಿರೋ, ಕನ್ನಡಕ ಹಾಕಿದ್ದಿರಾ. ಅಮ್ಮ ಕುರ್ಚಿ ಕೊಟ್ಟರೂ ಕೂರಲಿಲ್ಲ. ಒಂದು ಕಡೆ 'ಅರ್ಥ ಆಗ್ಲಿಲ್ಲ ಸ್ವಾಮಿ, ಇನ್ನೊಂದ್ಸಲ ಕೇಳಿ' ಅಂದಳು. ಮುಗಿಯಲಿಲ್ಲ, ಮಾರನೇ ದಿನಕ್ಕೇ ಇಟ್ಟರು. ವಾಪಸ್ ಊರಿಗೆ ಹೋಗಿ ಬರಲಾಗದೆ ಪಿಜಿಯಲ್ಲಿರುವ ಚಿಕ್ಕಪ್ಪನ ಮಗಳ ರೂಮಿನಲ್ಲಿ ಮಲಗಿದೆವು. ಮಾರನೇ ದಿನ ಹನ್ನೆರಡಕ್ಕೆ ಮುಗಿಯಿತು.

ಇನ್ನೂ ಪಂಚರು, ಡಾಕ್ಟರು, ತನಿಖಾಧಿಕಾರಿ ಎಲ್ಲ ಬಾಕಿ. ಎಷ್ಟು ವರ್ಷವೋ. ಆದರೆ ಅಮ್ಮ ಇನ್ನು ಪ್ರತಿ ಸಲ ಬರಬೇಕಾಗಿಲ್ಲ. ಬೈಂಡ್ ಓವರ್‌ನಿಂದ ಬಿಡುಗಡೆ.

ಉಪ್ಪುಖಾರ:
ಒಳ್ಳೆಯದಾಯ್ತು. ಆದರೆ ಇದು ಆ ಜಡ್ಜ್ ಒಳ್ಳೆಯವರು ಅಂತ ಆಗಿದ್ದು. ಎಲ್ಲ ಕಡೆ ಹೀಗೆ ಆಗಲ್ಲ.

ಹಳೇಶಿರಸ್ತೇದಾರ:
ಒಪ್ಪುತ್ತೇನೆ. ಖಾಲಿ ಹುದ್ದೆ ತುಂಬದೆ ಯಾವ ಮೆಮೋ ಕೊಟ್ಟರೂ ಪಟ್ಟಿ ಕರಗುವುದಿಲ್ಲ. ದೇಶದ ಜಿಲ್ಲಾ ಮತ್ತು ತಾಲ್ಲೂಕು ನ್ಯಾಯಾಲಯಗಳಲ್ಲಿ ನಾಲ್ಕು ಕೋಟಿಗೂ ಹೆಚ್ಚು ಕೇಸು ಬಾಕಿ, ಹೆಚ್ಚಿನವು ಕ್ರಿಮಿನಲ್ಲೇ. ಆದರೂ ಅಷ್ಟರ ನಡುವೆ ಯಾವ ಕಡತ ಮೊದಲು ತೆರೆಯುತ್ತದೆ ಅನ್ನುವುದರಲ್ಲಿ ಪಕ್ಷಗಾರರ ಕೈಯೂ ಇದೆ.

ಬೆಳ್ಳಿಗೆಜ್ಜೆ:
ಇದನ್ನೆಲ್ಲ ಓದಿ ನನ್ನದೊಂದು ಪ್ರಶ್ನೆ. ನಮ್ಮ ಯಜಮಾನರು ಅಪಘಾತದಲ್ಲಿ ಹೋದರು. ಲಾರಿ ಡ್ರೈವರ್ ಮೇಲಿನ ನಿರ್ಲಕ್ಷ್ಯದಿಂದ ಸಾವಿನ ಕೇಸು ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ನಿಂತೇ ಇದೆ. ಅದು ಮುಗಿದ ಮೇಲೇ ಪರಿಹಾರ ಅಂತ ಒಬ್ಬರು ಹೇಳಿದರು. ನಿಜವಾ? ಇಬ್ಬರು ಮಕ್ಕಳು, ಫೀಸು ಕಟ್ಟಬೇಕು.

ಕರಿಕೋಟು:
ನಿಜವಲ್ಲ ತಾಯಿ. ಪರಿಹಾರದ ಎಂವಿಸಿ ಕೇಸು ಬೇರೆ, ಮೋಟಾರು ಅಪಘಾತ ನ್ಯಾಯಮಂಡಳಿ ಬೇರೆ. ಕ್ರಿಮಿನಲ್ ಕೇಸು ಮುಗಿಯಲು ಅದು ಕಾಯುವುದಿಲ್ಲ, ಡ್ರೈವರ್ ಖುಲಾಸೆಯಾದರೂ ಪರಿಹಾರ ಸಿಗಬಹುದು. ಆದರೆ ಅರ್ಜಿ ಹಾಕಲು ಕಾಲಮಿತಿ ಇದೆ, ಈಗಿನ ಕಾನೂನಿನಲ್ಲಿ ಅಪಘಾತವಾದ ದಿನದಿಂದ ಆರು ತಿಂಗಳು. ಯಾವಾಗ ಆಗಿದ್ದು? ಎಫ್‌ಐಆರ್, ಚಾರ್ಜ್‌ಶೀಟ್, ಮರಣೋತ್ತರ ಪರೀಕ್ಷೆಯ (ಪಿಎಂ) ವರದಿ, ಯಜಮಾನರ ಸಂಬಳದ ಚೀಟಿ ತೆಗೆದುಕೊಂಡು ನಾಳೆಯೇ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ತಡವಾಗಿದ್ದರೂ ಹೋಗಿ, ಅಲ್ಲಿನ ವಕೀಲರು ನೋಡಿ ಹೇಳುತ್ತಾರೆ.

ಬೆಳ್ಳಿಗೆಜ್ಜೆ:
ಯುಗಾದಿ ಆದ ವಾರ ಆಗಿದ್ದು ಸರ್. ನಾಳೆಯೇ ಹೋಗ್ತೀನಿ. ಪಿಎಂ ವರದಿ ಒಂದು ಕೈಯಲ್ಲಿಲ್ಲ, ಸ್ಟೇಷನ್ನಲ್ಲಿ ಕೊಡ್ತಾರಾ?

ಜೋಳದಹೊಲ:
ಕೊಡ್ತಾರ ತಂಗಿ. ಕೊಡಲಿಲ್ಲ ಅಂದ್ರ ಕೋರ್ಟಿನ್ಯಾಗ ನಕಲು ಅರ್ಜಿ ಹಾಕು, ಚಾರ್ಜ್‌ಶೀಟಿನ ಜೋಡಿ ಇರತೈತಿ. ಅದಕ್ಕ ಕಾದು ಕೂಡಬ್ಯಾಡ, ಇದ್ದ ಕಾಗದ ಹಿಡಕೊಂಡು ಮೊದಲ ಹೋಗು.